ಬೋಳುಗುಡ್ಡದ ಫೋಟೊ

"ಹುಟ್ಟಿದಾಗಿಂದ ನೋಡಿದ್ದೇ ಗಣಿ. ಅದನ್ನ ನೋಡೋಕೆ ಮತ್ತೆ ನೂರೆಂಬತ್ತು ಕಿಲೋಮೀಟರ್ ಹೋಗಬೇಕಾ?" ಅಂದರು ಅಪ್ಪ.

ಅವರು ಮೆಲ್ಬರ್ನ್‌ಗೆ ಬಂದು ಮೂರು ವಾರ ಆಗಿತ್ತು. ಸಮುದ್ರ ತೋರಿಸಿ ಆಗಿತ್ತು, ಕಾಂಗರೂ ತೋರಿಸಿ ಆಗಿತ್ತು, ದೇವಸ್ಥಾನಕ್ಕೆ ಎರಡು ಸಲ ಹೋಗಿ ಬಂದಿದ್ದೆವು. ಉಳಿದ ಹೊತ್ತೆಲ್ಲ ಅವರು ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಖಾಲಿ ರಸ್ತೆ ನೋಡುತ್ತಾ ಕೂತಿರುತ್ತಿದ್ದರು. ಈ ದೇಶಕ್ಕೆ ಬರುವ ಅಪ್ಪ ಅಮ್ಮಂದಿರ ಪಾಡೇ ಅದು. ಮಕ್ಕಳು ಆಫೀಸಿಗೆ ಹೋದರೆ ಮಾತಾಡೋಕೆ ಒಂದು ನರಪಿಳ್ಳೆ ಇರುವುದಿಲ್ಲ. ಹಾಗಾಗಿ ಶನಿವಾರ ಬೆಳಿಗ್ಗೆ ಸುಮ್ನೆ ಕಾರು ಹತ್ತಿಸಿದೆ. ವಾಲ್‌ಹಲ್ಲಾ ಅಂತ ಒಂದು ಊರು, ಕಾಡಿನ ಮಧ್ಯೆ ಹಳೇ ಚಿನ್ನದ ಗಣಿ ಇದೆ, ಜನ ಈಗ ಇಪ್ಪತ್ತು ಮೂವತ್ತು ಮಂದಿ ಅಷ್ಟೇ ಅಂದೆ.

"ಕಾಡಿನ ಮಧ್ಯೆ ಗಣಿನಾ?" ಅಂದರು. ಅವರಿಗೆ ನಂಬಿಕೆ ಬರಲಿಲ್ಲ.

ಬರದೇ ಇದ್ದದ್ದರಲ್ಲಿ ತಪ್ಪಿಲ್ಲ. ನಾವು ಕೆಜಿಎಫ್‌ನವರು. ಅಪ್ಪ ಅಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದರು. ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ನೇರ ಬಾವಿಯ ಬಾಯಲ್ಲಿ ಪಂಜರ ಇಳಿಸುವ, ಎತ್ತುವ ದೊಡ್ಡ ವೈಂಡಿಂಗ್ ಎಂಜಿನ್‌ಗಳನ್ನು ನೋಡಿಕೊಳ್ಳುವ ಕೆಲಸ. ನಾನು ಹುಟ್ಟಿದ್ದು, ಓದಿದ್ದು ಗಣಿ ಕ್ವಾರ್ಟರ್ಸಿನಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಎಂಟನೇ ಕ್ಲಾಸು. ನಮಗೆ ಗಣಿ ಅಂದರೆ ಮರ ಇಲ್ಲದ ಊರು. ಮನೆ ಹಿಂದೆ ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಅರೆದ ಕಲ್ಲಿನ ಪುಡಿ ಗುಡ್ಡ ಗುಡ್ಡವಾಗಿ ಬಿದ್ದಿರುತ್ತಲ್ಲ, ಅದು. ಬೇಸಿಗೆಯಲ್ಲಿ ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ, ರೆಪ್ಪೆಯ ಮೇಲೆ ಅದೇ ಪುಡಿ. ಸಿನಿಮಾದವರು ಹಾಡು ತೆಗೆಯೋಕೆ ಬರುತ್ತಿದ್ದರು, ಅವರಿಗೆ ಅದು ಚಂದ ಕಂಡಿತ್ತು.

ಮೆಲ್ಬರ್ನ್‌ನಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದು ಸುಮಾರು ಎರಡು ಗಂಟೆ ಹೋದರೆ ಮೋಯಿ ಅಂತ ಊರು ಬರುತ್ತದೆ. ಅದರ ಹತ್ತಿರವೇ ಯಾಲೋರ್ನ್ ವಿದ್ಯುತ್ ಸ್ಥಾವರ. ದೊಡ್ಡ ದೊಡ್ಡ ಗೋಪುರ, ಮೇಲೆ ಬಿಳಿ ಹಬೆ. ಈ ಲಾಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನಿಂದಲೇ ವಿಕ್ಟೋರಿಯಾ ರಾಜ್ಯಕ್ಕೆ ದಶಕಗಳ ಕಾಲ ಕರೆಂಟು ಬಂದದ್ದು. ಅಪ್ಪ ಕಿಟಕಿ ಇಳಿಸಿ ನೋಡಿದರು. ಯಂತ್ರ ಕಂಡರೆ ಅವರ ಮುಖ ಬೇರೆ ಆಗುತ್ತದೆ. ಈ ಸ್ಥಾವರವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೋಯಿಯಲ್ಲಿ ಎಡಕ್ಕೆ ತಿರುಗಿದರೆ ಹುಲ್ಲುಗಾವಲು, ದನಗಳು, ಎರಿಕಾ ಅಂತ ಪುಟ್ಟ ಊರು. ಅಲ್ಲಿಂದ ಮುಂದೆ ರಸ್ತೆ ಹಾವಿನ ಹಾಗೆ ಆಗುತ್ತದೆ. ಒಂದು ಕಡೆ ಗುಡ್ಡ, ಒಂದು ಕಡೆ ಪ್ರಪಾತ, ಮೇಲೆ ಮರ, ಕೆಳಗೆ ಮರ. ಮಗ ಹಿಂದಿನ ಸೀಟಿನಲ್ಲಿ ವಾಂತಿ ಬರುತ್ತೆ ಅಂತ ಶುರು ಮಾಡಿದ. ಒಂದು ಕಡೆ ನಿಲ್ಲಿಸಿದೆವು. ಬಾಗಿಲು ತೆಗೆದದ್ದೇ ತಡ, ಅಪ್ಪ ಮೂಗೆತ್ತಿ ಗಾಳಿ ಎಳೆದುಕೊಂಡರು.

"ಏನಮ್ಮ, ಇದು ನಮ್ಮ ನೀಲಗಿರಿ ಮರ ಅಲ್ವಾ?"

ನಾನು ನಕ್ಕೆ. ನಮ್ಮ ಕೋಲಾರದವರಿಗೆ ನೀಲಗಿರಿ ಅಂದರೆ ಹೇಳಬೇಕೇ. ಬಂಗಾರಪೇಟೆ, ಮಾಲೂರು ಕಡೆ ನೀರಿಲ್ಲದೆ ಬೇಸಾಯ ಬಿಟ್ಟವರೆಲ್ಲ ಹೊಲದ ತುಂಬ ಅದನ್ನೇ ಹಾಕಿದರು. ಐದಾರು ವರ್ಷಕ್ಕೊಮ್ಮೆ ಕಡಿದರೆ ದುಡ್ಡು. ಆಮೇಲೆ ಬೋರ್‌ವೆಲ್ ಬತ್ತಿದ್ದಕ್ಕೂ ಅದೇ ಕಾರಣ ಅಂತ ಅದನ್ನೇ ಬೈದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶವನ್ನೇ ಮಾಡಿತು. ನಮ್ಮ ಚಿಕ್ಕಪ್ಪ ಜೆಸಿಬಿ ತರಿಸಿ ಎರಡು ಎಕರೆ ಬೇರು ಸಮೇತ ಕೀಳಿಸಿದರು.

ಹೆಸರು ಮಾತ್ರ ನೀಲಗಿರಿ. ಅದರ ತವರು ಇದೇ ಆಸ್ಟ್ರೇಲಿಯಾ. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರದ ಬುಡದಲ್ಲಿ ಆಳೆತ್ತರದ ಜರೀಗಿಡಗಳಿದ್ದವು, ಕೆಳಗೆ ಎಲ್ಲೋ ನೀರು ಹರಿಯುವ ಸದ್ದು. "ಅಲ್ಲ, ಇಲ್ಲಿ ಇಷ್ಟು ನೀರು ಮಡಗಿಕೊಂಡು ನಮ್ಮೂರಿಗೆ ಬಂದು ಹಂಗೆ ಮಾಡ್ತಾ?" ಅಂದರು. ಮರಕ್ಕೆ ಬೈದರೋ, ಜನಕ್ಕೆ ಬೈದರೋ ಗೊತ್ತಾಗಲಿಲ್ಲ.

ಊರು ಅಂದರೆ ಒಂದೇ ರಸ್ತೆ. ಎರಡು ಕಡಿದಾದ ಗುಡ್ಡಗಳ ನಡುವಿನ ಸಂದಿಯಲ್ಲಿ ಒಂದು ತೊರೆ, ತೊರೆಯ ಪಕ್ಕ ರಸ್ತೆ, ರಸ್ತೆಯ ಪಕ್ಕ ಮನೆ, ಮನೆಯ ಬೆನ್ನಿಗೇ ಗುಡ್ಡ. ಜಾಗ ಎಷ್ಟು ಕಡಿಮೆ ಅಂದರೆ ಅಗ್ನಿಶಾಮಕ ಠಾಣೆಯನ್ನು ತೊರೆಯ ಮೇಲೆಯೇ ಸೇತುವೆ ಥರ ಕಟ್ಟಿದ್ದಾರೆ. ಕೆಳಗೆ ನೀರು, ಮೇಲೆ ಬೆಂಕಿ ಆರಿಸುವವರು. ಒಂದು ರೀತಿಯಲ್ಲಿ ಅದೂ ಸರಿಯೇ.

ನೆಡ್ ಸ್ಟ್ರಿಂಗರ್ ಅನ್ನುವವನು ಮತ್ತು ಅವನ ಜೊತೆಗಾರರು 1862ರ ಕೊನೆಯ ದಿನಗಳಲ್ಲಿ ಈ ತೊರೆಯಲ್ಲಿ ಚಿನ್ನ ಕಂಡರು. ಸ್ಟ್ರಿಂಗರ್ ಶಿಕ್ಷೆಯಾಗಿ ಹಡಗಿನಲ್ಲಿ ಈ ದೇಶಕ್ಕೆ ಬಂದವನು. 1863ರ ಸೆಪ್ಟೆಂಬರಿನಲ್ಲೇ, ಅಂದರೆ ವರ್ಷ ತುಂಬುವುದರೊಳಗೆ, ತೀರಿಕೊಂಡ. ಚಿನ್ನದ ಸುಖ ಅವನು ಕಾಣಲೇ ಇಲ್ಲ. ತೊರೆಗೆ ಅವನ ಹೆಸರು ಉಳಿಯಿತು. ಊರಿಗೂ ಮೊದಲು ಅದೇ ಹೆಸರಿತ್ತು, ಆಮೇಲೆ ಒಂದು ಗಣಿಯ ಹೆಸರು ಬಂತು. ವಾಲ್‌ಹಲ್ಲಾ ಅಂದರೆ ಉತ್ತರ ಯುರೋಪಿನ ಪುರಾಣದಲ್ಲಿ ಯುದ್ಧದಲ್ಲಿ ಸತ್ತ ವೀರರು ಸೇರುವ ಮಹಾಮನೆ. ನಮ್ಮಲ್ಲಿ ವೀರಸ್ವರ್ಗ ಅಂತೀವಲ್ಲ, ಅದೇ. ಸ್ಟ್ರಿಂಗರ್ ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿಂದ ಇದು ಗುನೈಕುರ್ನೈ ಜನರ ನೆಲ. ಅವರ ಹೆಸರು ಈ ಬೀದಿಯಲ್ಲಿ ಅಷ್ಟಾಗಿ ಕಾಣಲಿಲ್ಲ.

ಸ್ಟ್ರಿಂಗರ್ ಕಥೆ ಹೇಳುವಾಗ ಅಪ್ಪ ಥಟ್ಟನೆ "ಲ್ಯಾವೆಲ್ ಥರ" ಅಂದರು. ಬೆಂಗಳೂರಿನವರಿಗೆ ಲ್ಯಾವೆಲ್ ರಸ್ತೆ ಗೊತ್ತು, ಮನುಷ್ಯ ಗೊತ್ತಿರುವುದಿಲ್ಲ. ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಐರ್ಲೆಂಡಿನ ಸೈನಿಕ. ನ್ಯೂಜಿಲೆಂಡಿನಲ್ಲಿ ಮಾವೊರಿ ಜನರ ವಿರುದ್ಧದ ಯುದ್ಧದಲ್ಲಿ ಇದ್ದು, ಅಲ್ಲಿಯೇ ಚಿನ್ನದ ಹುಚ್ಚು ಹತ್ತಿಸಿಕೊಂಡು, ನಿವೃತ್ತನಾಗಿ ಬೆಂಗಳೂರು ದಂಡಿಗೆ ಬಂದವನು. 1804ರಲ್ಲಿ ಜಾನ್ ವಾರೆನ್ ಅನ್ನುವ ಅಧಿಕಾರಿ ಕೋಲಾರದ ಚಿನ್ನದ ಬಗ್ಗೆ ಬರೆದಿದ್ದ ಹಳೇ ವರದಿ ಅವನ ಕಣ್ಣಿಗೆ ಬಿತ್ತು. 1871ರಲ್ಲಿ ಎತ್ತಿನ ಗಾಡಿ ಹತ್ತಿ ಕೋಲಾರಕ್ಕೆ ಹೋದ. 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಅಗೆಯೋಕೆ ದುಡ್ಡು ಸಾಲದೆ ಹಕ್ಕು ಬೇರೆಯವರಿಗೆ ಹೋಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ತಾನೇ ನಿಜವಾದ ಗಣಿ ಶುರುವಾದದ್ದು. 1860ರ ದಶಕದಲ್ಲಿ ಸಮುದ್ರದ ಈ ತುದಿಯಲ್ಲಿ ಓಡಾಡುತ್ತಿದ್ದ ಚಿನ್ನದ ಜ್ವರ ಒಬ್ಬ ಮನುಷ್ಯನ ತಲೆಯಲ್ಲಿ ಕೂತು ನಮ್ಮೂರಿಗೆ ಬಂತು. ಅವನು ಬಾರದೇ ಇದ್ದಿದ್ದರೆ ಬೇರೆ ಯಾರೋ ಬರುತ್ತಿದ್ದರು ಬಿಡಿ. ಆದರೂ ಈ ಬೀದಿಯಲ್ಲಿ ನಿಂತಾಗ ನಮ್ಮದು ದೂರದ ನೆಂಟಸ್ತಿಕೆ ಅನಿಸಿತು.

ಗಣಿಯ ಒಳಗೆ ಕರೆದುಕೊಂಡು ಹೋಗುತ್ತಾರೆ. ಲಾಂಗ್ ಟನೆಲ್ ಎಕ್ಸ್‌ಟೆಂಡೆಡ್ ಅಂತ ಹೆಸರು. ಇಲ್ಲಿಂದ 13.7 ಟನ್ ಚಿನ್ನ ತೆಗೆದಿದ್ದಾರೆ. ಟಿಕೆಟ್ ಕೊಂಡು ತಲೆಗೆ ಹೆಲ್ಮೆಟ್ ಹಾಕಿಕೊಂಡೆವು. ಅಪ್ಪ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ ರೀತಿ ನೋಡಬೇಕಿತ್ತು. ನಾವೆಲ್ಲ ಕನ್ನಡಿ ಇಲ್ಲದೆ ತಡಕಾಡುತ್ತಿದ್ದೆವು. ಅವರು ಒಂದೇ ಸಲ ಹಾಕಿ, ಒಂದೇ ಬೆರಳಲ್ಲಿ ಬಿಗಿ ಮಾಡಿ ಸಾಲಿನ ಮುಂದೆ ಹೋಗಿ ನಿಂತರು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿದೆ, ಕೈ ಮರೆತಿಲ್ಲ.

ನಮ್ಮ ಕೆಜಿಎಫ್‌ನಲ್ಲಿ ಪಂಜರದಲ್ಲಿ ನಿಂತು ನೇರ ಪಾತಾಳಕ್ಕೆ ಇಳಿಯಬೇಕು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಇಲ್ಲಿ ಹಾಗಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದಿದ್ದಾರೆ, ನಡೆದುಕೊಂಡೇ ಹೋಗಬಹುದು. ಮುನ್ನೂರು ಮೀಟರ್ ಹೋದ ಮೇಲೆ ಸುರಂಗ ಇದ್ದಕ್ಕಿದ್ದಂತೆ ಅಗಲವಾಗಿ ಒಂದು ದೊಡ್ಡ ಕಲ್ಲಿನ ಕೋಣೆ ಆಗುತ್ತದೆ. ಕಲ್ಯಾಣ ಮಂಟಪದಷ್ಟು ಎತ್ತರ. ಹಬೆಯಿಂದ ಓಡುವ ಯಂತ್ರಗಳನ್ನು ಗುಡ್ಡದ ಒಳಗೇ ಇಟ್ಟಿದ್ದರಂತೆ. ಅಲ್ಲಿಂದ ಕೆಳಗೆ ಶಾಫ್ಟ್ 923 ಮೀಟರ್. ಎಲ್ಲ ಸೇರಿ ಎಂಟೂವರೆ ಕಿಲೋಮೀಟರ್ ಸುರಂಗ. ಕೆಳಗಿನದೆಲ್ಲ ಈಗ ನೀರು ತುಂಬಿ ಮುಳುಗಿದೆ.

ಗೈಡ್ ಒಬ್ಬರು ವಯಸ್ಸಾದ ಹೆಂಗಸು. ಚಿನ್ನದ ರೇಖೆ ಹೇಗಿರುತ್ತದೆ, ಬಿಳಿ ಕಲ್ಲನ್ನು ಹೇಗೆ ಒಡೆಯುತ್ತಿದ್ದರು, ಮೇಣದಬತ್ತಿ ಬೆಳಕಿನಲ್ಲಿ ಹೇಗೆ ಕೆಲಸ ಮಾಡುತ್ತಿದ್ದರು ಅಂತ ಚೆನ್ನಾಗಿ ಹೇಳಿದರು. ಕಡೆಗೆ ಏನಾದರೂ ಪ್ರಶ್ನೆ ಇದೆಯಾ ಅಂದರು. ಯಾರೋ ಒಬ್ಬ ಈಗಲೂ ಚಿನ್ನ ಉಳಿದಿದೆಯಾ ಅಂತ ಕೇಳಿದ. ಎಲ್ಲ ಕಡೆ ಕೇಳುವ ಪ್ರಶ್ನೆಯೇ ಅದು. ಅಪ್ಪ ನನ್ನ ಮೊಣಕೈ ತಿವಿದರು.

"ಸೌದೆ ಎಷ್ಟು ಬೇಕಿತ್ತು ಅಂತ ಕೇಳು."

ನನಗೆ ಅರ್ಥ ಆಗಲಿಲ್ಲ. "ಯಾವ ಸೌದೆ ಅಪ್ಪ?"

"ಬಾಯ್ಲರ್‌ಗೆ ಹಾಕೋಕೆ ಕಣಮ್ಮ. ಒಂಬೈನೂರು ಮೀಟರಿಂದ ಕಲ್ಲು ಎತ್ತಬೇಕು, ನೀರು ಎತ್ತಬೇಕು, ಆಮೇಲೆ ಕಲ್ಲು ಕುಟ್ಟಬೇಕು. ಎಲ್ಲಾ ಹಬೆ. ಇಲ್ಲಿ ಕಲ್ಲಿದ್ದಲು ತರೋಕೆ ರೈಲು ಇರಲಿಲ್ಲ ಅಂತ ಅವರೇ ಅಂದ್ರಲ್ಲ. ಮತ್ತೆ ಏನು ಸುಡ್ತಿದ್ರು?"

ಕೇಳಿದೆ. ಆ ಹೆಂಗಸು ಒಂದು ಕ್ಷಣ ಅಪ್ಪನನ್ನು ನೋಡಿದರು. ಆಮೇಲೆ, ಹೊರಗೆ ಬಂದಾಗ ತೋರಿಸುತ್ತೇನೆ ಅಂದರು.

ಹೊರಗೆ ಬಂದಾಗ ತೋರಿಸಿದ್ದು ಒಂದು ಹಳೇ ಫೋಟೊ. ಊರಿನದೇ. ಅದೇ ರಸ್ತೆ, ಅದೇ ಸಂದಿ. ಆದರೆ ಗುಡ್ಡಗಳ ಮೇಲೆ ಒಂದೇ ಒಂದು ಮರ ಇಲ್ಲ. ಕ್ಷೌರ ಮಾಡಿದ ತಲೆಯ ಹಾಗೆ. ಬುಡ ಮಾತ್ರ ಉಳಿದ ಕೊರಡುಗಳು, ಅಲ್ಲಲ್ಲಿ ಮನೆಗಳು ಇಳಿಜಾರಿಗೆ ಅಂಟಿಕೊಂಡಂತೆ. ತಲೆ ಎತ್ತಿ ನೋಡಿದೆ. ಫೋಟೊದಲ್ಲಿ ಬೋಳಾಗಿರುವ ಜಾಗದಲ್ಲೇ ನನ್ನ ಕಣ್ಣೆದುರು ಆಕಾಶ ಕಾಣದಷ್ಟು ಕಾಡು.

ನಾನು ಅಲ್ಲಿಗೆ ಬರುವವರೆಗೂ ಏನು ಅಂದುಕೊಂಡಿದ್ದೆ ಗೊತ್ತಾ? ಕಾಡು ಮೊದಲಿಂದ ಇತ್ತು, ಅದರ ನಡುವೆ ಒಂದು ಪುಟ್ಟ ಊರು ಚಿನ್ನ ತೆಗೆದುಕೊಂಡು ಸುಮ್ಮನೆ ಇತ್ತು ಅಂತ. ಅಲ್ಲಿ ಬಂದ ಪ್ರವಾಸಿಗರೆಲ್ಲ ಹಾಗೇ ಅಂದುಕೊಂಡು ಫೋಟೊ ತೆಗೆಯುತ್ತಿದ್ದರು. ಈ ಕಾಡು ಊರಿಗಿಂತ ಚಿಕ್ಕದು, ವಯಸ್ಸಿನಲ್ಲಿ. ಇಲ್ಲಿನ ಮರಗಳನ್ನು ಐವತ್ತು ವರ್ಷ ಬಾಯ್ಲರಿಗೆ ಹಾಕಿದ್ದಾರೆ. ಸುರಂಗ ಕುಸಿಯದಂತೆ ಆಸರೆ ಕೊಡೋಕೆ ಹಾಕಿದ್ದಾರೆ. ಮನೆ, ಸೇತುವೆ, ಒಲೆ, ಎಲ್ಲಕ್ಕೂ ಅದೇ. ಹತ್ತಿರದ ಗುಡ್ಡ ಮುಗಿದ ಮೇಲೆ ಅದರ ಹಿಂದಿನ ಗುಡ್ಡ. ಅದೂ ಮುಗಿದ ಮೇಲೆ ಇನ್ನೂ ದೂರಕ್ಕೆ ಹಳಿ ಹಾಕಿ, ಕುದುರೆ ಕಟ್ಟಿ ಸೌದೆ ತಂದರು. ದೂರ ಹೆಚ್ಚಿದಂತೆ ಸೌದೆ ದುಬಾರಿ. ಗಣಿ ನಿಲ್ಲೋಕೆ ಇದೂ ಒಂದು ಕಾರಣ. 1911ರಲ್ಲಿ ನಾವು ನೋಡಿದ ಗಣಿ ನಿಂತಿತು, 1914ರಲ್ಲಿ ಪಕ್ಕದ ದೊಡ್ಡ ಲಾಂಗ್ ಟನೆಲ್ ಗಣಿಯೂ ನಿಂತಿತು.

"ಚಿನ್ನ ಮುಗಿಯೋದು ಆಮೇಲೆ. ಮೊದ್ಲು ಸೌದೆ ಮುಗೀತದೆ," ಅಂದರು ಅಪ್ಪ. ಅವರು ದೊಡ್ಡ ಮಾತು ಹೇಳಬೇಕು ಅಂತ ಹೇಳಿದ್ದಲ್ಲ. ಫಿಟ್ಟರ್ ಲೆಕ್ಕ ಅಷ್ಟೇ.

ಆಮೇಲೆ ಬೆಂಚಿನ ಮೇಲೆ ಕೂತು ಶಿವನಸಮುದ್ರದ ಕಥೆ ಶುರು ಮಾಡಿದರು. ನಾನು ಚಿಕ್ಕಂದಿನಿಂದ ನೂರು ಸಲ ಕೇಳಿದ ಕಥೆ. ಆದರೆ ಆ ಬೋಳುಗುಡ್ಡ ನೋಡಿದ ಮೇಲೆ ಮೊದಲ ಸಲ ಕೇಳಿದ ಹಾಗಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೊರಟ ಯೋಜನೆ. ಕಾವೇರಿ ಬೀಳುವ ಕಡೆ ಕರೆಂಟು ತಯಾರಿಸಿ, ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದು, 1902ರಲ್ಲಿ ಕೋಲಾರದ ಗಣಿಗೆ ಕೊಟ್ಟರು. ಆಗಿನ ಕಾಲಕ್ಕೆ ಅಷ್ಟು ದೂರದ ತಂತಿ ಅಂದರೆ ಜಗತ್ತೇ ತಿರುಗಿ ನೋಡುವ ವಿಷಯ. ಬೆಂಗಳೂರಿಗೇ ಬೀದಿದೀಪ ಬಂದದ್ದು 1905ರಲ್ಲಿ. ಬೆಂಗಳೂರಿಗಿಂತ ಮೂರು ವರ್ಷ ಮೊದಲು ನಮ್ಮೂರಿಗೆ ಕರೆಂಟು ಅಂತ ಕೆಜಿಎಫ್‌ನವರು ಇವತ್ತಿಗೂ ಮೀಸೆ ತಿರುವುತ್ತಾರೆ. ಗಣಿಗೆ ಬಂತು, ದೊರೆಗಳ ಬಂಗಲೆಗೆ ಬಂತು. ಕಾರ್ಮಿಕರ ತಟ್ಟಿ ಮನೆಗಳಿಗೆ ಬಂದದ್ದು ಎಷ್ಟೋ ಕಾಲ ಆದ ಮೇಲೆ. ಅದನ್ನು ಅವರು ಹೇಳುವಾಗ ಬಿಟ್ಟುಬಿಡುತ್ತಾರೆ, ಅಪ್ಪನೂ ಬಿಟ್ಟರು.

ಈಗ ಯಾಲೋರ್ನ್ ನೆನಪು ಮಾಡಿಕೊಳ್ಳಿ. ರಾಜ್ಯಕ್ಕೆಲ್ಲ ಬೆಳಕು ಕೊಡುವ ಆ ಗೋಪುರಗಳಿಂದ ವಾಲ್‌ಹಲ್ಲಾ ಐವತ್ತು ಕಿಲೋಮೀಟರೂ ಇಲ್ಲ. ಈ ಊರಿಗೆ ವಿದ್ಯುತ್ ಜಾಲದ ಸಂಪರ್ಕ ಬಂದದ್ದು 1998ರ ಡಿಸೆಂಬರಿನಲ್ಲಿ! ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲಿ ಕಡೆಯದಾಗಿ ಕರೆಂಟು ಕಂಡ ಊರು ಇದು. ಅಲ್ಲಿಯವರೆಗೆ ಜನರೇಟರ್, ಗ್ಯಾಸ್ ದೀಪ. ಇದನ್ನು ಹೇಳಿದಾಗ ಅಪ್ಪ ಎಷ್ಟು ಖುಷಿ ಪಟ್ಟರು ಅಂದರೆ ಪಕ್ಕದ ಬೆಂಚಿನಲ್ಲಿದ್ದ ದಂಪತಿಗಳಿಗೆ ಬೆರಳಲ್ಲಿ ತೋರಿಸಿ "ಕೆಜಿಎಫ್, ನೈಂಟೀನ್ ಟೂ! ಹಿಯರ್, ನೈಂಟೀನ್ ನೈಂಟಿ ಎಯ್ಟ್!" ಅಂದರು. ಅವರು ಪಾಪ, ಏನೂ ತಿಳಿಯದೆ ತಲೆ ಆಡಿಸಿದರು. ನಾಲ್ಕು ಸಾವಿರ ಜನ ಇದ್ದ ಊರು ಖಾಲಿಯಾದ ಮೇಲೆ ಇಪ್ಪತ್ತು ಮನೆಗೆ ಯಾರು ತಂತಿ ಎಳೀತಾರೆ ಹೇಳಿ.

ರೈಲಿನ ಕಥೆ ಇನ್ನೂ ವಿಚಿತ್ರ.

ಊರಿನವರು ದಶಕಗಳ ಕಾಲ ರೈಲು ಬೇಕು ಬೇಕು ಅಂತ ಅರ್ಜಿ ಹಾಕಿದರು. ಕಡೆಗೆ 1910ರಲ್ಲಿ ಮೋಯಿಯಿಂದ ಪುಟ್ಟ ಹಳಿಯ ರೈಲು ಬಂತು, ಎರಡೂವರೆ ಅಡಿ ಅಗಲದ ಹಳಿ. ಬಂದು ನಾಲ್ಕು ವರ್ಷಕ್ಕೆ ಗಣಿಯೇ ನಿಂತುಹೋಯಿತು. ಚಿನ್ನ ಹೊರಲು ಬಂದ ರೈಲು ಕಡೆಗೆ ಊರನ್ನೇ ಹೊತ್ತುಕೊಂಡು ಹೋಯಿತು. ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ, ತಗಡು ಕಿತ್ತು, ಗಾಡಿಗೆ ತುಂಬಿ, ಬೇರೆ ಊರುಗಳಿಗೆ ಸಾಗಿಸಿ ಅಲ್ಲಿ ಕಟ್ಟಿಕೊಂಡರು. 1944ರಲ್ಲಿ ಈ ಭಾಗದ ರೈಲೂ ನಿಂತಿತು. ಈಗ ಓಡುವುದು ಸ್ವಯಂಸೇವಕರು ಹಳಿ, ಸೇತುವೆ ಎಲ್ಲ ಮತ್ತೆ ಕಟ್ಟಿದ್ದು. 2002ರಲ್ಲಿ ಊರಿನವರೆಗೂ ತಂದರು. ಟಿಕೆಟ್ ಕೊಡುವವರು, ಬಾವುಟ ಬೀಸುವವರು, ಎಂಜಿನ್ ಓಡಿಸುವವರು ಯಾರಿಗೂ ಸಂಬಳ ಇಲ್ಲ. ರಿಟೈರ್ ಆದವರೇ ಜಾಸ್ತಿ. ಅಪ್ಪನಿಗೆ ಅದು ಬಹಳ ಹೊಟ್ಟೆಕಿಚ್ಚಿನ ವಿಷಯ ಆಯಿತು. "ದುಡ್ಡು ಕೊಡದಿದ್ರೂ ಪರವಾಗಿಲ್ಲ, ಯಾರಾದ್ರೂ ನಂಗೂ ಇಂಥ ಒಂದು ಎಂಜಿನ್ ಕೊಟ್ರೆ..." ಅಂತ ಅರ್ಧಕ್ಕೆ ನಿಲ್ಲಿಸಿದರು.

ನಾವೂ ಆ ರೈಲು ಹತ್ತಿದೆವು. ತೊರೆಯ ಮೇಲೆ ಮರದ ಸೇತುವೆಗಳು, ಒಂದು ಕಡೆ ಬಂಡೆ ಕೈಗೆ ತಾಗುವಷ್ಟು ಹತ್ತಿರ. ಥಾಮ್ಸನ್ ನದಿ ದಾಟಿದ ಮೇಲೆ ನಿಲ್ದಾಣ, ಅಲ್ಲಿ ಎಂಜಿನ್ ಆ ಕಡೆಯಿಂದ ಈ ಕಡೆಗೆ ಬದಲಾಯಿಸುತ್ತಾರೆ. ಎಲ್ಲರೂ ಇಳಿದು ನದಿ ನೋಡೋಕೆ ಹೋದರು. ಅಪ್ಪ ಮಾತ್ರ ಎಂಜಿನ್ ಹಿಂದೆ ಹೋದರು. ಡ್ರೈವರಿಗೂ ಅವರಿಗೂ ಭಾಷೆ ಬರದು, ಆದರೂ ಇಬ್ಬರೂ ಬಗ್ಗಿ ಎಂಜಿನ್ ಕೆಳಗೆ ಏನನ್ನೋ ತೋರಿಸುತ್ತಾ ಹತ್ತು ನಿಮಿಷ ಮಾತಾಡಿದರು. ಏನು ಮಾತಾಡಿದಿರಿ ಅಂದರೆ "ಗ್ರೀಸ್" ಅಂದರು.

ನನಗೆ ನಮ್ಮ ಕೆಜಿಎಫ್‌ನ ಮಾರಿಕುಪ್ಪಂ ರೈಲು ನೆನಪಾಯಿತು. ಬಂಗಾರಪೇಟೆಯಿಂದ ಗಣಿಗೆ ಅಂತಲೇ ಹಾಕಿದ ಹಳಿ ಅದು. ಗಣಿ ಮುಚ್ಚಿದ ಮೇಲೆ ಅದೇ ಹಳಿಯಲ್ಲಿ ಊರಿನ ಅರ್ಧ ಜನ ಕತ್ತಲಲ್ಲಿ ಎದ್ದು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ವಾಪಸು ಬರುತ್ತಾರೆ. ಸೆಕ್ಯುರಿಟಿ, ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಕಂಪ್ಯೂಟರ್ ಕಲಿತವರು ಐಟಿ. ಅಪ್ಪನೂ ಮೂರು ವರ್ಷ ಹೋದರು, ಪೀಣ್ಯದ ಒಂದು ವರ್ಕ್‌ಶಾಪಿಗೆ. ರಾತ್ರಿ ಅವರು ಬರುವ ಹೊತ್ತಿಗೆ ನಾನು ನಿದ್ದೆ ಹೋಗಿರುತ್ತಿದ್ದೆ. ಭಾನುವಾರ ಮಾತ್ರ ಅಪ್ಪ ಇರುವ ದಿನ. ನಮ್ಮಲ್ಲಿ ರೈಲು ಮನೆಗಳನ್ನು ಒಯ್ಯಲಿಲ್ಲ, ಮನೆಯೊಳಗಿನ ಮನುಷ್ಯರನ್ನು ಒಯ್ದು ರಾತ್ರಿ ತಂದು ಬಿಡುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಮಾವಿನ ಉಪ್ಪಿನಕಾಯಿ. ಊರ ನಡುವೆ ಬ್ಯಾಂಡು ಬಾರಿಸೋಕೆ ಕಟ್ಟಿದ ಎಂಟು ಮೂಲೆಯ ಮಂಟಪವೊಂದಿದೆ, ಅದರ ಪಕ್ಕ ಹುಲ್ಲಿನ ಮೇಲೆ ಕೂತೆವು. ಎದುರಿಗೆ ಸ್ಟಾರ್ ಹೋಟೆಲ್. ನೋಡಿದರೆ ನೂರೈವತ್ತು ವರ್ಷದ್ದು ಅನಿಸುತ್ತದೆ. ಹಳೆಯದು 1951ರಲ್ಲಿ ಸುಟ್ಟುಹೋಯಿತು, ಇದು ಇತ್ತೀಚೆಗೆ ಅದೇ ರೂಪದಲ್ಲಿ ಕಟ್ಟಿದ್ದು. ರೈಲು ನಿಲ್ದಾಣವೂ ಹಾಗೇ. ಮೂಲ ಕಟ್ಟಡವನ್ನು ಬಿಚ್ಚಿ ಮೆಲ್ಬರ್ನ್‌ನ ಹಾರ್ಟ್‌ವೆಲ್‌ನಲ್ಲಿ ಜೋಡಿಸಿದ್ದಾರೆ, ಇಲ್ಲಿರುವುದು ಅದರ ನಕಲು. ಹೀಗೆ ನೋಡುತ್ತಾ ಹೋದರೆ ಇಲ್ಲಿ ಹಳೆಯದು ಅಂತ ಕಾಣುವುದೆಲ್ಲ ಹೊಸದು, ಕಾಡು ಸೇರಿ. ನನಗೆ ಅದರಿಂದ ಬೇಜಾರೇನೂ ಆಗಲಿಲ್ಲ. ಕಷ್ಟಪಟ್ಟು ಮತ್ತೆ ಕಟ್ಟಿದ್ದಾರಲ್ಲ ಅನಿಸಿತು. ನಮ್ಮೂರಿನ ಹಳೇ ಬಂಗಲೆಗಳು ಬಾಗಿಲು ಕಿಟಕಿ ಕಳೆದುಕೊಂಡು ಮುಳ್ಳುಗಿಡದ ನಡುವೆ ನಿಂತಿರುವುದು ನೋಡಿದವರಿಗೆ ಗೊತ್ತು.

ಗಂಡ ಮತ್ತು ಮಗ ಕ್ರಿಕೆಟ್ ಮೈದಾನ ನೋಡೋಕೆ ಗುಡ್ಡ ಹತ್ತಿದರು. ಕೆಳಗೆ ಒಂದು ಪಿಚ್ಚಿಗೂ ಚಪ್ಪಟೆ ಜಾಗ ಇಲ್ಲದ್ದಕ್ಕೆ ಗಣಿಯವರು ಒಂದು ಗುಡ್ಡದ ನೆತ್ತಿಯನ್ನೇ ಕಡಿದು ಸಮ ಮಾಡಿ ಮೈದಾನ ಮಾಡಿಕೊಂಡಿದ್ದಾರೆ. ಹೊರಗಿನಿಂದ ಬಂದ ತಂಡ ಆಟಕ್ಕೆ ಮೊದಲೇ ಹತ್ತಿ ಹತ್ತಿ ಸುಸ್ತಾಗಿರುತ್ತಿತ್ತು ಅಂತ ತಮಾಷೆಗೆ ಹೇಳುತ್ತಾರೆ. ವಾರವೆಲ್ಲ ಗುಡ್ಡದ ಹೊಟ್ಟೆ ಕಡಿದು, ರಜದ ದಿನ ಅದರ ತಲೆ ಕಡಿದ ಜನ!

ಅಪ್ಪನ ಮಂಡಿ ಅದಕ್ಕೆಲ್ಲ ಒಪ್ಪುವುದಿಲ್ಲ. ನಾವಿಬ್ಬರೂ ಮೆಲ್ಲಗೆ ಸ್ಮಶಾನದ ಕಡೆ ಹೋದೆವು. ಅದೂ ಗುಡ್ಡದ ಇಳಿಜಾರಿನಲ್ಲೇ. ಎಷ್ಟು ಕಡಿದು ಅಂದರೆ ಇಲ್ಲಿ ಹೆಣಗಳನ್ನು ನಿಲ್ಲಿಸಿಯೇ ಹೂಳಿದ್ದಾರೆ ಅಂತ ಊರಲ್ಲಿ ಒಂದು ಕಟ್ಟುಕಥೆ ಇದೆ. ಹಾಗೇನಿಲ್ಲ, ಎಲ್ಲರ ಹಾಗೆ ಮಲಗಿಸಿಯೇ ಹೂಳಿದ್ದಾರೆ. ಮರದ ಬೇರುಗಳು ಕಲ್ಲುಗಳನ್ನು ಓರೆ ಮಾಡಿವೆ. ಮೂವತ್ತು, ನಲವತ್ತು ವಯಸ್ಸಿನ ಗಂಡಸರು, ಎಳೆ ಮಕ್ಕಳು. ಗೋರಿಕಲ್ಲಿನ ಮೇಲೆ ರೋಗದ ಹೆಸರು ಬರೆದಿರುವುದಿಲ್ಲ. ಆದರೆ ಆ ಕಾಲದ ಗಣಿಗಾರರಿಗೆ ಬಂಡೆ ಕೊರೆಯುವಾಗ ಏಳುವ ದೂಳು ಶ್ವಾಸಕೋಶದಲ್ಲಿ ಕೂತು ಏನು ಮಾಡುತ್ತಿತ್ತು ಅಂತ ಅಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಸಾಲುಮನೆಯಲ್ಲಿ ರಾತ್ರಿ ಹೊತ್ತು ಕೇಳುತ್ತಿದ್ದ ಸದ್ದು ಎರಡೇ. ಒಂದು, ಆಳದಲ್ಲಿ ಬಂಡೆ ಸಿಡಿದಾಗ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುವುದು. ಇನ್ನೊಂದು ಕೆಮ್ಮು. ಪಕ್ಕದ ಮನೆಯ ಮಾಮ ಕೆಮ್ಮೋಕೆ ಶುರು ಮಾಡಿದರೆ ಗಂಟೆಗಟ್ಟಲೆ. ಅವರು ಡ್ರಿಲ್ ಕೆಲಸದವರು. ಅಪ್ಪ ಮೇಲಿನ ಕೆಲಸದವರು, ಅದಕ್ಕೇ ಇವತ್ತು ಇಲ್ಲಿ ನನ್ನ ಜೊತೆ ಇದ್ದಾರೆ. ಇದನ್ನು ನಾವು ಯಾವತ್ತೂ ಬಾಯಿಬಿಟ್ಟು ಮಾತಾಡಿಲ್ಲ. ಅಲ್ಲೂ ಮಾತಾಡಲಿಲ್ಲ.

ಒಂದು ಓರೆ ಕಲ್ಲಿನ ಪಕ್ಕ ಕೊರಡೊಂದಿತ್ತು. ಯಾವ ಕಾಲದಲ್ಲೋ ಕೊಡಲಿಯಿಂದ ಕಡಿದದ್ದು. ಅದರ ಸುತ್ತ ನಾಲ್ಕು ಕಾಂಡಗಳು ಎದ್ದು ಈಗ ದೊಡ್ಡ ಮರಗಳೇ ಆಗಿವೆ. ಅಪ್ಪ ಕೈಯಲ್ಲಿ ತಟ್ಟಿದರು.

"ನೋಡು. ಇದು ಕಡಿದ್ರೆ ಸಾಯಲ್ಲ. ನಿನ್ನ ಚಿಕ್ಕಪ್ಪ ಜೆಸಿಬಿ ತಂದು ಕಿತ್ತರೂ ಒಂದು ಮೂಲೇಲಿ ಮತ್ತೆ ಚಿಗುರಿತ್ತು, ಗ್ಯಾಪಕ ಇದೆಯಾ? ಇವರು ಕಡಿಯೋದು ನಿಲ್ಲಿಸಿದ್ರು ಅಷ್ಟೇ. ಬೇರೇನೂ ಮಾಡಿಲ್ಲ."

"ಮತ್ತೆ ನಮ್ಮ ಸೈನೈಡ್ ದಿಬ್ಬದ ಮೇಲೆ ಯಾಕೆ ಏನೂ ಬರಲ್ಲ ಅಪ್ಪ? ನಾವೂ ನಿಲ್ಲಿಸಿ ಇಪ್ಪತ್ತು ವರ್ಷ ಆಯ್ತಲ್ಲ."

"ಅದು ಮಣ್ಣಲ್ಲ ಕಣಮ್ಮ. ಅರೆದ ಕಲ್ಲು. ಅದರಲ್ಲಿ ಕೊರಡು ಎಲ್ಲಿಂದ ಬತ್ತದೆ."

ನಮ್ಮ ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ, ಸುಮಾರು 800 ಟನ್ ಚಿನ್ನ. ಒಂದು ಟನ್ ಕಲ್ಲು ಅರೆದರೆ ಸಿಗುವುದು ಗ್ರಾಂ ಲೆಕ್ಕದ ಚಿನ್ನ, ಮಿಕ್ಕಿದ್ದೆಲ್ಲ ಪುಡಿ. ಆ ಪುಡಿಯೆಲ್ಲ ಊರ ನಡುವೆಯೇ ಇದೆ. ಶಿವನಸಮುದ್ರದ ಕರೆಂಟು ಬಂದದ್ದರಿಂದಲೇ ಅಷ್ಟು ಆಳಕ್ಕೆ ಇಳಿಯೋಕೆ, ಅಷ್ಟು ಕಲ್ಲು ಅರೆಯೋಕೆ ಆದದ್ದು ಅಂತ ನಾನು ವಾಪಸು ಬರುವಾಗ ಕಾರಿನಲ್ಲಿ ಯೋಚನೆ ಮಾಡಿದೆ. ವಾಲ್‌ಹಲ್ಲಾಕ್ಕೆ ಸೌದೆ ಮುಗಿದದ್ದೇ ಒಳ್ಳೆಯದಾಯಿತೇನೋ. ಜೋರಾಗಿ ಹೇಳಲಿಲ್ಲ. 1902ರ ಖುಷಿಯಲ್ಲಿದ್ದ ಮನುಷ್ಯನಿಗೆ ಅದನ್ನು ಯಾಕೆ ಹೇಳಬೇಕು.

ಸಂಜೆ ಮೋಯಿ ಹತ್ತಿರ ಬಂದಾಗ ಮಗ ನಿದ್ದೆ ಹೋಗಿದ್ದ. ಕಾರಿನೊಳಗೆ ನೀಲಗಿರಿ ವಾಸನೆ. ಅಪ್ಪ ಜೇಬಿನಲ್ಲಿ ಎಲೆ ಇಟ್ಟುಕೊಂಡು ಆಗಾಗ ಉಜ್ಜಿ ಮೂಸುತ್ತಿದ್ದರು. ನೆಗಡಿ ಬಂದರೆ ಅಮ್ಮ ಬಿಸಿನೀರಿಗೆ ಹಾಕಿ ಹಬೆ ಕೊಡುತ್ತಿದ್ದ ವಾಸನೆ.

ರಾತ್ರಿ ಊಟ ಆದ ಮೇಲೆ ಆ ಹಳೇ ಬೋಳುಗುಡ್ಡದ ಫೋಟೊ ನನಗೆ ಕಳಿಸು ಅಂದರು. ನಾನು ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ. ಕಳಿಸಿದೆ. ಅವರದೊಂದು ವಾಟ್ಸಾಪ್ ಗುಂಪಿದೆ, ಗಣಿಯಲ್ಲಿ ಜೊತೆಗೆ ಕೆಲಸ ಮಾಡಿದ ಮುದುಕರದ್ದು. ದಿನಾ ಗುಡ್ ಮಾರ್ನಿಂಗ್, ದೇವರ ಚಿತ್ರ, ಮತ್ತೆ ಯಾರೋ ತೀರಿಕೊಂಡ ಸುದ್ದಿ. ಅಲ್ಲಿಗೆ ಹಾಕಿದರು, ಒಂದಕ್ಷರವೂ ಬರೆಯದೆ.

ಬೆಳಿಗ್ಗೆ ನೋಡಿದರೆ ಹನ್ನೊಂದು ಉತ್ತರ ಬಂದಿತ್ತು. ಒಬ್ಬರು, ಇದು ನಂದಿದುರ್ಗ ಮೈನ್ ಹತ್ತಿರ ಅಲ್ವಾ ಅಂದಿದ್ದರು. ಇನ್ನೊಬ್ಬರು, ಅಲ್ಲ, ಚಾಂಪಿಯನ್ ಹಿಂಭಾಗ, ಬ್ರಿಟಿಷರ ಕಾಲದ್ದು ಅಂದಿದ್ದರು. ಇನ್ಯಾರೋ, ಆ ಮೂಲೆಯ ಮನೆ ನಮ್ಮ ತಾತನದು ಅಂತಲೇ ಗುರುತು ಹಿಡಿದಿದ್ದರು. ಅಪ್ಪ ಎಲ್ಲ ಓದಿದರು, ಒಬ್ಬರನ್ನೂ ತಿದ್ದಲಿಲ್ಲ. ನನ್ನ ಕೈಯಲ್ಲಿ ಮೊಬೈಲ್ ಕೊಟ್ಟು, ಅದೇ ಜಾಗದಿಂದ ನಾನು ತೆಗೆದಿದ್ದ ಇವತ್ತಿನ ಹಸಿರು ಫೋಟೊ ಹಾಕಿಸಿದರು. ಕೆಳಗೆ "ಸೇಮ್ ಪ್ಲೇಸ್, ನೌ" ಅಂತ ಬರೆಸಿದರು.

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೊದಲ ಉತ್ತರ ಬಂತು.

"ಯಾಕೋ ತಮಾಷೆ ಮಾಡ್ತೀಯ? ಇದು ಊಟಿ."